ಎಡಗಡೆ ಸತ್ತವರು, ಬಲಗಡೆ ಹುಟ್ಟುಹಬ್ಬ

ಲೋಮಾ ಆಲ್ತಾದಲ್ಲಿ ಸೆಗುಂದೊ ಬುರ್ಬಾನೊ ಬಾಯಿ ಬಿಡುವ ತನಕ ಯಾರೂ ಸತ್ತಂತೆ ಲೆಕ್ಕವಿಲ್ಲ. ಉಸಿರು ನಿಂತಿರಬಹುದು, ಡಾಕ್ಟರು ಚೀಟಿ ಬರೆದಿರಬಹುದು, ಪೆಟ್ಟಿಗೆಯೂ ಬಂದಿರಬಹುದು. ಆದರೆ ಬೆಳಗಿನ ಆರು ಗಂಟೆಗೆ ಊರಿನ ರೇಡಿಯೋದಲ್ಲಿ ಸೆಗುಂದೊ ಗಂಟಲು ಸರಿಮಾಡಿಕೊಂಡು "ಅತ್ಯಂತ ದುಃಖದಿಂದ" ಎಂದು ಶುರು ಹಚ್ಚಿಕೊಳ್ಳುವವರೆಗೆ ಅದು ಬರೀ ಗಾಳಿಸುದ್ದಿ. ಹುಟ್ಟುಹಬ್ಬದ ಕತೆಯೂ ಅಷ್ಟೇ. ಅವನು ಕಹಳೆಯ ಹಾಡು ಹಾಕಿ ಹೆಸರು ಕೂಗದಿದ್ದರೆ ಆ ವರ್ಷ ನಿಮಗೆ ವಯಸ್ಸೇ ಆಗಲಿಲ್ಲ.

ಇಪ್ಪತ್ತೆರಡು ವರ್ಷದಿಂದ ಸಂಬಳವಿಲ್ಲದೆ ಮಾಡುತ್ತಿದ್ದ ಕೆಲಸ ಅದು. ಹೊಟ್ಟೆಪಾಡಿಗೆ ಗುಂಡಿ, ದಾರ, ರಿಬ್ಬನ್ ಮಾರುವ ಒಂದು ಅಂಗಡಿಯಿತ್ತು. ಹೆಂಡತಿ ಇಲ್ಲ, ಮಕ್ಕಳಿಲ್ಲ. ಅಂಗಡಿಗೆ ಬಂದವರು "ನಾಲ್ಕು ರಂಧ್ರದ್ದು ಕೊಡಿ" ಎನ್ನುವುದಕ್ಕಿಂತ ಹೆಚ್ಚು ಮಾತಾಡುತ್ತಿರಲಿಲ್ಲ. ದಿನಕ್ಕೆ ಆ ಒಂದು ಗಂಟೆ ಮಾತ್ರ ಇಡೀ ಊರು ಅವನ ಮಾತಿಗೆ ಕಿವಿಗೊಡುತ್ತಿತ್ತು. ಮೈಕನ್ನು ಕಿತ್ತುಕೊಂಡರೆ ಸೆಗುಂದೊ ಬುರ್ಬಾನೊ ಎಂಬ ಮನುಷ್ಯನಲ್ಲಿ ಉಳಿಯುತ್ತಿದ್ದುದು ಗುಂಡಿಗಳೇ.

ಅವನ ಕೆಲಸದ ಪದ್ಧತಿ ವಿಚಿತ್ರವಾದದ್ದು. ಕಂಪ್ಯೂಟರಿನ ತೆರೆಯ ಎಡಗಡೆಯ ವಿಂಡೋದಲ್ಲಿ ಸತ್ತವರು, ಬಲಗಡೆಯದರಲ್ಲಿ ಹುಟ್ಟುಹಬ್ಬದವರು, ಕೆಳಗೆ ಕಳೆದುಹೋದ ದನಕರು, ಮೇಲಿನ ಮೂಲೆಯಲ್ಲಿ ಚರ್ಚಿನ ಪೂಜೆಯ ಸಮಯ. ಒಳಗೆ ಬರೆಯುತ್ತಿದ್ದುದು ಹೆಸರು, ವಯಸ್ಸು, ಗಂಟೆ, ಮನೆ ಇಷ್ಟೇ. ಮಿಕ್ಕ ಮಾತು ಬಾಯಿಪಾಠ. ಯಾರು ಸತ್ತರು, ಯಾರು ಹುಟ್ಟಿದರು ಎನ್ನುವುದನ್ನು ಎಲ್ಲಿಯೂ ಬರೆಯುತ್ತಿರಲಿಲ್ಲ. ಜಾಗವೇ ಅದನ್ನು ಹೇಳುತ್ತಿತ್ತು. ಉಪ್ಪಿನ ಡಬ್ಬಿಗೆ ಯಾರಾದರೂ ಹೆಸರು ಬರೆದು ಅಂಟಿಸುತ್ತಾರೆಯೇ ಎಂದು ಕೇಳುತ್ತಿದ್ದ. ಕೇಳುವ ಮಾತೇ ಹೌದು. ಕೈಗೆ ಗೂಡು ಗೊತ್ತಿದ್ದರೆ ಸಾಕು.

ಇಪ್ಪತ್ತೆರಡು ವರ್ಷ ಯಾವ ಯಡವಟ್ಟೂ ಆಗಿರಲಿಲ್ಲ. ಆದರೆ ಮನುಷ್ಯನಿಗೆ ಒಂದು ದಿನ ದೊಡ್ಡವನಾಗಬೇಕು ಅನ್ನಿಸುತ್ತದೆ ನೋಡಿ, ಕೇಡು ಬರುವುದು ಅಲ್ಲಿಂದಲೇ. ಪಾಸ್ತೊ ಪಟ್ಟಣದಲ್ಲಿ ಮುಕ್ತ ತಂತ್ರಾಂಶದ ಬಗ್ಗೆ ಒಂದು ದಿನದ ಶಿಬಿರ ನಡೆಯಿತು. ಸೆಗುಂದೊ ರಿಬ್ಬನ್ ತರಲು ಹೋದವನು ಮಳೆ ಬಂತೆಂದು ಒಳಗೆ ನುಗ್ಗಿದ. ಸಂಜೆ ಹೊರಬಂದಾಗ ಮೈಮೇಲೆ ಹಕ್ಕಿ ಚಿತ್ರದ ಅಂಗಿ, ಜೇಬಿನಲ್ಲಿ ಅದೇ ಹಕ್ಕಿಯ ಹೆಸರಿನ, ಕಂಪ್ಯೂಟರು ನಡೆಸುವ 'ಕೊಲಿಬ್ರೀ' ತಂತ್ರಾಂಶ, ತಲೆಯಲ್ಲಿ ಕ್ರಾಂತಿ.

"ನಮ್ಮ ರೇಡಿಯೋ ಸ್ವತಂತ್ರ," ಎಂದು ರೇಡಿಯೋ ಸಮಿತಿಯ ಮುಂದೆ ಭಾಷಣ ಬಿಗಿದ. "ಆದ್ರೆ ನಮ್ಮ ಕಂಪ್ಯೂಟರು ಗುಲಾಮ. ಇದು ನಾಚಿಕೆಗೇಡು."

ಆ ಗುಲಾಮನಿಗೆ ಊರಿನವರು ಎಂದೂ ಕಾಸು ಬಿಚ್ಚಿರಲಿಲ್ಲ, ಯಾರೋ ಕದ್ದು ಹಾಕಿಕೊಟ್ಟದ್ದು ಎಂಬುದು ಬೇರೆ ಮಾತು.

ಸಮಿತಿಯ ಅಧ್ಯಕ್ಷೆ ದೋನ್ಯಾ ಓಲ್ಫಾ ಚಾವೆಸ್ ಕನ್ನಡಕದ ಮೇಲಿಂದ ಅವನನ್ನು ನೋಡಿದರು. ಅರವತ್ತೊಂಬತ್ತು ವರ್ಷದ ಆ ಹೆಂಗಸಿನ ಎದುರು ಪಾದ್ರಿಗಳೂ ಪ್ರವಚನ ಮೊಟಕು ಮಾಡುತ್ತಿದ್ದರು.

"ಅದೆಲ್ಲಾ ಇರ್ಲಿ. ರಾತ್ರಿ ಆಫ್ ಮಾಡಿ ಬೆಳಿಗ್ಗೆ ಹಾಕಿದ್ರೆ ನಿನ್ನ ವಿಂಡೋಗಳು ಇದ್ದ ಜಾಗದಲ್ಲೇ ಇರ್ತಾವಾ?"

ಸೆಗುಂದೊ ಎದೆಯ ಮೇಲೆ, ಸರಿಯಾಗಿ ಹಕ್ಕಿಯ ಕೊಕ್ಕಿನ ಮೇಲೆ, ಕೈಯಿಟ್ಟ. "ದೋನ್ಯಾ, ಪ್ರಪಂಚದ ಸಾವಿರಾರು ಜನ ಪುಕ್ಕಟೆ ಕೂತು ಮಾಡಿರೋದು ಇದು. ಅಷ್ಟು ಜನದಲ್ಲಿ ಒಬ್ಬನಿಗಾದ್ರೂ ಜ್ಞಾಪಕಶಕ್ತಿ ಇರಲ್ವೇ?"

ಇರಲಿಲ್ಲ. ಕೊಲಿಬ್ರೀ ಹಾಕಿದ ಮೇಲೆ ಮೊದಲ ಸಲ ಕರೆಂಟು ಹೋಗಿ ಬಂದಾಗ ತೆರೆಯ ಮೇಲೆ ಒಂದೇ ಒಂದು ವಿಂಡೋ ಇರಲಿಲ್ಲ. ನೀಲಿ ಆಕಾಶದಲ್ಲಿ ಆ ಪುಟ್ಟ ಹಕ್ಕಿ ಮಾತ್ರ, ನನಗೇನು ಗೊತ್ತು ಎಂಬಂತೆ ರೆಕ್ಕೆ ಬಿಚ್ಚಿಕೊಂಡು ನಿಂತಿತ್ತು. ಬರೆದದ್ದು ಕಳೆದಿರಲಿಲ್ಲ, ಪಟ್ಟಿಯಲ್ಲಿ ಒಂದೊಂದನ್ನೇ ಒತ್ತಿದರೆ ಬರುತ್ತಿತ್ತು. ಬಂದದ್ದು ಮಾತ್ರ ತನಗೆ ತೋಚಿದ ಕಡೆ ಕೂರುತ್ತಿತ್ತು. ಎಲ್ಲವನ್ನೂ ಎಳೆದು ಅದರದರ ಜಾಗಕ್ಕೆ ಕೂರಿಸುವಷ್ಟರಲ್ಲಿ ಸೆಗುಂದೊಗೆ ಮುಕ್ಕಾಲು ಗಂಟೆ ಹಿಡಿಯಿತು, ಬೆವರು ಕಿತ್ತುಕೊಂಡು ಬಂತು.

ಅಂದೇ ಅವನು ಕೊಲಿಬ್ರೀ ತಯಾರಿಸಿದವರ ಫೋರಂಗೆ ಒಂದು ಮನವಿ ಬರೆದ. "ಮಾನ್ಯ ಮಹನೀಯರೇ, ಲೋಮಾ ಆಲ್ತಾದಿಂದ ಗೌರವಪೂರ್ವಕ ವಂದನೆಗಳು. ತಾವೂ ತಮ್ಮ ಕುಟುಂಬದವರೂ ಕ್ಷೇಮವೆಂದು ನಂಬುತ್ತೇನೆ. ನನ್ನ ಸತ್ತವರು ಬೆಳಿಗ್ಗೆ ಇದ್ದಲ್ಲಿ ಇರುವುದಿಲ್ಲ." ಹೀಗೆ ಶುರುವಾಗಿ ಎರಡು ಪುಟ.

ಉತ್ತರಗಳಿಗೇನೂ ಬರವಿರಲಿಲ್ಲ. ಒಬ್ಬ ಬರೆದ: ಇದು ದೋಷವಲ್ಲ, ತೀರ್ಮಾನ. ಇನ್ನೊಬ್ಬ: ಈ ಸೌಲಭ್ಯ ಮೊದಲು ಇತ್ತು, ಯಾರೂ ಬಳಸುವುದಿಲ್ಲವೆಂದು ತೆಗೆದೆವು. ಅದರ ಕೆಳಗೆ ಮುನ್ನೂರ ನಲವತ್ತು ಜನ "ನಾನು ಬಳಸುತ್ತಿದ್ದೆ" ಎಂದು ಬರೆದು ಸಾಲಾಗಿ ನಿಂತಿದ್ದರು. ಮತ್ತೊಬ್ಬ: ಇದೇ ದೂರು ಹನ್ನೆರಡು ವರ್ಷದ ಹಿಂದೆ ದಾಖಲಾಗಿದೆ, ಪರಿಶೀಲನೆಯಲ್ಲಿದೆ, ದಯವಿಟ್ಟು ಆತುರ ಬೇಡ. ಮಗದೊಬ್ಬ: ಅಷ್ಟೊಂದು ವಿಂಡೋ ಯಾಕ್ರೀ ತೆರೆಯುತ್ತೀರಿ? ಒಬ್ಬ ಪುಣ್ಯಾತ್ಮ, ಮೂಲವೆಲ್ಲ ತೆರೆದೇ ಇದೆಯಲ್ಲ, ನೀವೇ ಬರೆದು ಕಳಿಸಿ ಎಂದ. ಬಟ್ಟೆ ಹೊಲಿಯಲು ಕೊಟ್ಟವನಿಗೆ ಸೂಜಿ ಕೈಗೆ ಕೊಟ್ಟ ಹಾಗಾಯಿತು. ಕೊನೆಯವನು ಮಾತ್ರ ಎರಡೇ ಮಾತು ಬರೆದಿದ್ದ: ಆಫ್ ಮಾಡಬೇಡಿ.

ಸೆಗುಂದೊ ಆ ಮಾತನ್ನು ಕಣ್ಣಿಗೊತ್ತಿಕೊಂಡ. ಒಂದು ರಟ್ಟಿನ ಮೇಲೆ "ಆರಿಸಬೇಡಿ. ಯೋಚಿಸುತ್ತಿದೆ" ಎಂದು ದಪ್ಪಕ್ಷರದಲ್ಲಿ ಬರೆದು ಕಂಪ್ಯೂಟರಿಗೆ ನೇತುಹಾಕಿದ. ಸಮಿತಿಗೆ ಒಂದು ಮಾತೂ ಹೇಳಲಿಲ್ಲ. ಕೈಯೆತ್ತಿ ಭಾಷಣ ಬಿಗಿದ ಮೇಲೆ ಕೈ ಇಳಿಸುವುದು ಬಹಳ ಕಷ್ಟ. ಕರೆಂಟು ಹೋದಾಗಲೆಲ್ಲ ಅಂಗಡಿ ಮುಚ್ಚಿ ಓಡಿ ಬಂದು ಸತ್ತವರನ್ನೂ ಹುಟ್ಟಿದವರನ್ನೂ ಮತ್ತೆ ಗೂಡು ಸೇರಿಸುತ್ತಿದ್ದ. ಹೀಗೆ ಮೂರು ತಿಂಗಳು ನಡೆಯಿತು.

ಅಷ್ಟರಲ್ಲಿ ವಿಲ್ಮೆರ್ ಬಂದ. ಸಮಿತಿಯ ಕಾರ್ಯದರ್ಶಿ ದೋನ್ ತಿಮೊಲೆಯೊನ್ ಇದ್ದಾರಲ್ಲ, ನಿಯಮಾವಳಿಯ ಪುಸ್ತಕವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುವವರು, ಅವರ ಅಳಿಯ. ಪಾಸ್ತೊದಲ್ಲಿ ಕಂಪ್ಯೂಟರು ಮಾರುತ್ತಿದ್ದ. ಅವನ ಬಳಿ ಒಂದು ಹೊಸ ಯಂತ್ರವಿತ್ತು. ಬರೆದುಕೊಟ್ಟರೆ ತಾನೇ ಓದುತ್ತದಂತೆ, ಸಾವಿಗೆ ಸಾವಿನ ದನಿ, ಹಬ್ಬಕ್ಕೆ ಹಬ್ಬದ ದನಿ.

"ಮೈಕಿನ ಮುಂದೆ ಮನುಷ್ಯನೇ ಬೇಕಾಗಿಲ್ಲ," ಎಂದ ವಿಲ್ಮೆರ್. "ಸೆಗುಂದೊ ಅವರು ಇನ್ಮೇಲೆ ಆರಾಮಾಗಿ ಮಲಗ್ಬೋದು."

ಮಂಗಳವಾರ ಸಂಜೆ ಐದಕ್ಕೆ ಮತ ಹಾಕುವುದೆಂದು ನಿಗದಿಯಾಯಿತು. ಸಮಿತಿಯಲ್ಲಿ ಐವರು. ದೋನ್ ತಿಮೊಲೆಯೊನ್ ಮತ್ತು ಔಷಧದಂಗಡಿಯವನು ಹೊಸ ಯಂತ್ರದ ಕಡೆ. ಬೇಕರಿಯವನು ಮತ್ತು, ರೇಡಿಯೋ ಕೋಣೆಯನ್ನೂ ಪಕ್ಕದ ಚರ್ಚನ್ನೂ ಗುಡಿಸಿ ಒರೆಸುವ ದೋನ್ಯಾ ಮಾರುಹಾ ಸೆಗುಂದೊನ ಕಡೆ. ಉಳಿದದ್ದು ದೋನ್ಯಾ ಓಲ್ಫಾ. ಅದೇ ಮಂಗಳವಾರ ಅವರಿಗೆ ಎಪ್ಪತ್ತು ತುಂಬುತ್ತಿತ್ತು.

ಸೆಗುಂದೊಗೆ ಇದು ದೇವರೇ ಕೊಟ್ಟ ಅವಕಾಶ ಅನ್ನಿಸಿತು. ಊರು ಎಂದೂ ಕೇಳದಂಥ ಹುಟ್ಟುಹಬ್ಬದ ಘೋಷಣೆ ಮಾಡಿ ಆ ಹೆಂಗಸಿನ ಮನಸ್ಸನ್ನು ಬೆಣ್ಣೆ ಮಾಡಿಬಿಡಬೇಕು. ಸೋಮವಾರ ಮಧ್ಯಾಹ್ನ ಬಲಗಡೆಯ ವಿಂಡೋದಲ್ಲಿ ಬರೆದ: ಓಲ್ಫಾ ಚಾವೆಸ್, ಎಪ್ಪತ್ತು, ಹತ್ತು ಗಂಟೆ, ಮೇಲಿನ ಓಣಿ. ಅಂದು ಬೆಳಿಗ್ಗೆಯಷ್ಟೇ ಮಾರುಕಟ್ಟೆಯ ಹಿಂದಿನ ದೋನ್ ಹೆರ್ಮಾನಿಕೊ ತೀರಿಕೊಂಡಿದ್ದರು. ಎಡಗಡೆ ಬರೆದ: ಹೆರ್ಮಾನಿಕೊ ಪಾಂತೊಹಾ, ಎಂಬತ್ತೊಂದು, ಮೂರು ಗಂಟೆ, ಮಾರುಕಟ್ಟೆ ಹಿಂದೆ. ಬರೆದು, ಅಂಗಿ ಇಸ್ತ್ರಿ ಮಾಡಲು ಮನೆಗೆ ಹೋದ.

ಸಂಜೆ ದೋನ್ಯಾ ಮಾರುಹಾ ನೆಲ ಉಜ್ಜುವ ಯಂತ್ರ ತಳ್ಳಿಕೊಂಡು ಬಂದರು. ಆ ಕೋಣೆಯಲ್ಲಿದ್ದದ್ದು ಒಂದೇ ಪ್ಲಗ್ಗು. ರಟ್ಟನ್ನು ಓದಿದರು. ಆರಿಸಬೇಡಿ ಎಂದಿತ್ತು. ಅವರು ಆರಿಸಲಿಲ್ಲ, ವೈರು ಕಿತ್ತರು ಅಷ್ಟೇ. ಈ ವ್ಯತ್ಯಾಸವನ್ನು ಮುಂದೆ ಅವರು ಊರಿನ ಪ್ರತಿಯೊಬ್ಬರಿಗೂ ಬಿಡಿಸಿ ಹೇಳಿದರು.

ನೆಲ ಉಜ್ಜಿ, ವೈರು ಸಿಕ್ಕಿಸಿ, ಗುಂಡಿ ಒತ್ತಿದಾಗ ತೆರೆಯ ಮೇಲೆ ಹಕ್ಕಿಯೊಂದೇ ಇತ್ತು. ಬೇರೆಯವರಾಗಿದ್ದರೆ ಹಾಗೇ ಬಿಟ್ಟು ಹೋಗುತ್ತಿದ್ದರು. ದೋನ್ಯಾ ಮಾರುಹಾ ಅಂಥವರಲ್ಲ. ಮೂವತ್ತು ವರ್ಷದಿಂದ ಚರ್ಚಿನ ಸಂತರನ್ನು ಇಳಿಸಿ, ಧೂಳು ಒರೆಸಿ, ಇದ್ದ ಹಾಗೇ ಕೂರಿಸಿದ ಕೈ ಅದು. ಸೆಗುಂದೊ ಮಾಡುವುದನ್ನು ನೂರು ಸಲ ನೋಡಿದ್ದರು. ಪಟ್ಟಿಯಲ್ಲಿ ಒತ್ತಿ ಇಬ್ಬರನ್ನೂ ಹೊರಗೆ ತಂದರು. ಈಗ ಯಾರನ್ನು ಯಾವ ಕಡೆ ಕೂರಿಸುವುದು? ಅದನ್ನೇನು ಕೇಳುವುದು. ಪೂಜೆಯಲ್ಲಿ ಅಜ್ಜಿಯ ಕಾಲದಿಂದ ಹೆಂಗಸರು ಎಡಗಡೆ, ಗಂಡಸರು ಬಲಗಡೆ. ದೋನ್ಯಾ ಓಲ್ಫಾ ಎಡಕ್ಕೆ ಹೋದರು, ದೋನ್ ಹೆರ್ಮಾನಿಕೊ ಬಲಕ್ಕೆ. ಸತ್ತರೂ ಗಂಡಸು ಗಂಡಸೇ ತಾನೆ.

ಮಂಗಳವಾರ ಬೆಳಿಗ್ಗೆ ಸೆಗುಂದೊ ಐದು ಐವತ್ತೆಂಟಕ್ಕೆ ಓಡಿ ಬಂದ. ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತ ಹೊತ್ತು ಹೋಗಿತ್ತು. ತೆರೆ ನೋಡಿದ, ಎಡಗಡೆ ಒಂದು, ಬಲಗಡೆ ಒಂದು. ಎಲ್ಲ ಸರಿಯಾಗಿದೆ. ಅವನು ಓದುವ ರೀತಿಯೇ ಹಾಗೆ, ಕಣ್ಣು ನೋಡಿದ್ದನ್ನು ನೇರ ಬಾಯಿಗೆ ದಾಟಿಸುತ್ತಿತ್ತು, ಮಧ್ಯದಲ್ಲಿ ತಲೆಯ ಸುಂಕದಕಟ್ಟೆ ಏಳು ಗಂಟೆಗೆ ಮುಂಚೆ ತೆರೆಯುತ್ತಿರಲಿಲ್ಲ. ಆರ್ಗನ್ ಸಂಗೀತ ಹಾಕಿ ಶುರು ಮಾಡಿದ.

"ಅತ್ಯಂತ ದುಃಖದಿಂದ ತಿಳಿಸುವುದೇನೆಂದರೆ, ನಮ್ಮೆಲ್ಲರ ದೋನ್ಯಾ ಓಲ್ಫಾ ಚಾವೆಸ್ ಎಪ್ಪತ್ತನೆಯ ವಯಸ್ಸಿನಲ್ಲಿ ನಮ್ಮನ್ನಗಲಿದ್ದಾರೆ. ಬೆಳಿಗ್ಗೆ ಹತ್ತು ಗಂಟೆಗೆ ಮೇಲಿನ ಓಣಿಯಲ್ಲಿ..."

ಸಂಜೆಯ ಮತ ನೆನಪಾಗಿ ಆ ಹೆಸರನ್ನು ಮಾತ್ರ ಎಳೆದೆಳೆದು ಹೇಳಿದ. ಹೆಸರನ್ನು ಎಷ್ಟು ಭಾವಪೂರ್ಣವಾಗಿ ಹೇಳಿದೆ ಎಂದು ಒಳಗೊಳಗೇ ಹಿಗ್ಗಿದ. ಆಮೇಲೆ ಕಹಳೆಯ ಹಾಡು ಹಾಕಿ, ಎಂಬತ್ತೊಂದು ತುಂಬಿದ ದೋನ್ ಹೆರ್ಮಾನಿಕೊಗೆ ನೂರಾರು ವರ್ಷ ಆಯುಷ್ಯ ಕೋರಿ, ಮೂರು ಗಂಟೆಗೆ ಹಾಡುಗಾರರು ತಪ್ಪದೆ ಹೋಗಬೇಕೆಂದು ಕೇಳಿಕೊಂಡು, ಅಂಗಡಿಗೆ ನಡೆದ.

ಅಂಗಡಿಯಲ್ಲಿ ಅಂದು ಕಪ್ಪು ರಿಬ್ಬನ್‌ಗೆ ಜನ ಮುಗಿಬಿದ್ದರು. ಒಂಬತ್ತೂವರೆಗೆ ಸುರುಳಿ ಖಾಲಿಯಾಯಿತು. ಹೆರ್ಮಾನಿಕೊಗೆ ಊರಿನಲ್ಲಿ ಇಷ್ಟು ಪ್ರೀತಿಯಿತ್ತೇ ಎಂದು ಸೆಗುಂದೊಗೆ ಸೋಜಿಗ. "ಒಳ್ಳೆಯವರು," ಎಂದ ಒಬ್ಬಳಿಗೆ ಕೊನೆಯ ತುಂಡು ಕತ್ತರಿಸಿ ಕೊಡುತ್ತ. "ಕುಡಿದಾಗ ಮಾತ್ರ ಒಂಚೂರು ಬೈಯೋರು."

ಆಕೆ ಕಣ್ಣರಳಿಸಿದಳು. "ಕುಡಿಯೋರಾ?"

"ಗೊತ್ತಿಲ್ವೇ? ಮಾರುಕಟ್ಟೇಲಿ ಪ್ಯಾಂಟು ಬಿಚ್ಚೋಗಿ ಬಿದ್ದಿದ್ರಲ್ಲ, ಹೋದ್ವರ್ಷ."

ಆಕೆ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಹೊರಗೋಡಿದಳು. ಸತ್ತ ಹೆಂಗಸಿನ ಬಗ್ಗೆ ಇಂಥ ಮಾತೇ? ಅವಳ ಹಿಂದೆಯೇ ದೋನ್ಯಾ ಮಾರುಹಾ ಕಣ್ಣೊರೆಸಿಕೊಳ್ಳುತ್ತ ಬಂದರು. "ಪಾಪ ಕಣಯ್ಯಾ ದೋನ್ಯಾ ಓಲ್ಫಾ. ನಿನ್ನೆ ಸಂಜೆ ಇನ್ನೂ ನನ್ನ ಕೈಯಾರೆ ಎಡಗಡೆ ಕೂರಿಸಿದ್ದೆ ಅವರನ್ನ."

"ಎಲ್ಲಿ ಕೂರಿಸಿದ್ರಿ?"

ಅವರು ಹೇಳಿದರು. ಸೆಗುಂದೊನ ತಲೆಯ ಸುಂಕದಕಟ್ಟೆ ಆಗ ತೆರೆಯಿತು. ಬೆಳಗಿನಿಂದ ದಾಟಿಹೋದ ಸರಕೆಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು. ಕತ್ತರಿಯನ್ನು ಕೈಯಲ್ಲಿ ಹಿಡಿದೇ ಮೇಲಿನ ಓಣಿಗೆ ಓಟ ಕಿತ್ತ.

ದೋನ್ಯಾ ಓಲ್ಫಾ ಅವರ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಜಿನ ಮೇಲೆ ಬ್ರೆಡ್ಡು, ಬೆಲ್ಲದ ಅಚ್ಚು, ಮೇಣದ ಬತ್ತಿ. ಹಬ್ಬದೂಟಕ್ಕೆಂದು ಹಿತ್ತಿಲಲ್ಲಿ ಹನ್ನೆರಡು ಕುಯ್‌ಗಳು, ಅಂದರೆ ಆ ಸೀಮೆಯವರು ಸಾಕಿ ತಿನ್ನುವ ಗಿನಿಯಿಲಿಗಳು, ಕೋಲಿನ ಮೇಲೆ ಕೆಂಪಗೆ ಬೇಯುತ್ತಿದ್ದವು. ಇಷ್ಟು ಬೇಗ ಅಡುಗೆಗೆ ಹಚ್ಚಿದ ಮನೆಯವರ ಧೈರ್ಯವನ್ನು ಜನ ಮೆಚ್ಚಿಕೊಳ್ಳುತ್ತಿದ್ದರು. ಹೆಣ ಎಲ್ಲಿ ಎಂದು ಕೇಳಿದವರಿಗೆಲ್ಲ ಅಡುಗೆಯ ಹೆಂಗಸು "ಬಟ್ಟೆ ಉಡಿಸ್ತಿದ್ದಾರೆ" ಎನ್ನುತ್ತಿದ್ದಳು. ಸೆಗುಂದೊ ಹಿತ್ತಿಲಿನಿಂದ ಅಡುಗೆಮನೆಗೆ ನುಗ್ಗಿದ. ಪರದೆಯ ಹಿಂದೆ ಸ್ಟೂಲಿನ ಮೇಲೆ ದೋನ್ಯಾ ಓಲ್ಫಾ ಕಾಫಿ ಕುಡಿಯುತ್ತ ಕೂತಿದ್ದರು.

"ದೋನ್ಯಾ, ನನ್ನಿಂದ ಅಪರಾಧ ಆಗೋಯ್ತು, ಕ್ಷಮಿಸ್ಬೇಕು."

"ಮೆತ್ತಗೆ. ನಾನೀಗ ಸತ್ತಿದ್ದೀನಿ. ಹೆಣದ ಹತ್ರ ಕ್ಷಮೆ ಕೇಳ್ಬಾರ್ದು. ಆ ಕತ್ತರಿ ಕೆಳಗಿಡು, ನೋಡಿದೋರು ಏನಂದ್ಕೊಂಡಾರು." ಪರದೆಯನ್ನು ಬೆರಳಗಲ ಸರಿಸಿದರು. "ಬಾ, ಇಲ್ಲಿಂದ ನೋಡು. ಆ ಔಷಧದಂಗಡಿಯವನು ಗೋಳೋ ಅಂತ ಅಳ್ತಿದ್ದಾನೆ, ಒಂದು ಹನಿ ನೀರಿಲ್ಲ. ನಿನ್ನ ತಿಮೊಲೆಯೊನ್ ಆಗ್ಲೇ ಎರಡ್ಸಲ ಕೇಳಿದಾನೆ, ಅಧ್ಯಕ್ಷರ ಮೇಜಿನ ಬೀಗದ ಕೈ ಎಲ್ಲಿದೆ ಅಂತ. ಎಪ್ಪತ್ತು ವರ್ಷದಲ್ಲಿ ಇಂಥಾ ಉಡುಗೊರೆ ನಂಗ್ಯಾರೂ ಕೊಟ್ಟಿರಲಿಲ್ಲ ಕಣೋ."

ಸೆಗುಂದೊಗೆ ಹೋದ ಜೀವ ಬಂತು. ಮೈಕು ಉಳಿಯಿತು ಅಂದುಕೊಂಡ.

ಅಷ್ಟರಲ್ಲಿ ಅಂಗಳದ ಗದ್ದಲ ತಟ್ಟನೆ ನಿಂತಿತು. ಬಾಗಿಲಲ್ಲಿ ರೋಸಾಲ್ಬಾ ನಿಂತಿದ್ದರು, ದೋನ್ಯಾ ಓಲ್ಫಾ ಅವರ ತಂಗಿ. ಅಮ್ಮನ ತಾಮ್ರದ ದೊಡ್ಡ ಬಾಣಲೆ ಯಾರಿಗೆ ಸೇರಬೇಕು ಎಂಬ ಜಗಳದಲ್ಲಿ ಅಕ್ಕ ತಂಗಿ ಮಾತು ಬಿಟ್ಟು ಹನ್ನೊಂದು ವರ್ಷ ಆಗಿತ್ತು. ಆ ಬಾಣಲೆಯನ್ನು ಮಂಜುಗಡ್ಡೆಯ ಮೇಲಿಟ್ಟು ತಿರುಗಿಸಿ ಅವರಮ್ಮ ಹಣ್ಣಿನ ಐಸ್‌ಕ್ರೀಮು ಮಾಡುತ್ತಿದ್ದರು. ಗೆದ್ದದ್ದು ಅಕ್ಕ. ರೋಸಾಲ್ಬಾ ಸೆರಗಿನಂಥ ಶಾಲಿನಲ್ಲಿ ಬ್ರೆಡ್ಡು ಕಟ್ಟಿಕೊಂಡು ಬಂದಿದ್ದರು. ಯಾರನ್ನೂ ನೋಡದೆ ಮುಚ್ಚಿದ ಮಲಗುವ ಕೋಣೆಯ ಬಾಗಿಲಿಗೆ ಹಣೆ ಹಚ್ಚಿದರು.

"ಅಕ್ಕಾ, ಬಾಣಲೆ ನಿನ್ನ ಜೊತೇಲೇ ಹೂಳ್ಲಿ. ನಂಗೆ ಬೇಡ. ಒಬ್ರು ಬಾಣಲೆ ತಿರುಗಿಸ್ಬೇಕು, ಒಬ್ರು ಕದಡ್ಬೇಕು. ನಾನೊಬ್ಳೇ ಅದನ್ನಿಟ್ಕೊಂಡು ಏನು ಮಾಡ್ಲಿ?"

ದೋನ್ಯಾ ಓಲ್ಫಾ ಕಾಫಿ ಲೋಟ ಹಿಡಿದೇ ಎದ್ದರು. ಸೆಗುಂದೊ ತಡೆಯುವ ಮೊದಲೇ ಪರದೆ ಸರಿಸಿ ಹೊರಗೆ ಬಂದಿದ್ದರು.

"ರೋಸಾಲ್ಬಾ."

ಅಂಗಳದಲ್ಲಿ ಮೂವರು ಮೊಣಕಾಲೂರಿದರು. ಔಷಧದಂಗಡಿಯವನಿಗೆ ಆಗ ನಿಜವಾದ ಕಣ್ಣೀರು ಬಂತು. ಬೇಕರಿಯವನು ಕೋಲಿನ ಮೇಲಿದ್ದ ಕುಯ್‌ನ ಕಡೆ ಚಾಚಿದ್ದ ಕೈಯನ್ನು ಹಾಗೇ ಶಿಲುಬೆಯ ಗುರುತು ಹಾಕಿಕೊಳ್ಳಲು ಬಳಸಿದ. ರೋಸಾಲ್ಬಾ ಮಾತ್ರ ಅಲುಗಲಿಲ್ಲ. ಅಕ್ಕನನ್ನು ಮೇಲಿಂದ ಕೆಳಗೆ ನೋಡಿದರು, ಕೈಯಲ್ಲಿದ್ದ ಕಾಫಿ ಲೋಟವನ್ನೂ ನೋಡಿದರು.

"ಹನ್ನೊಂದು ವರ್ಷ ಸಾಲ್ದು ಅಂತ ಈಗ ಸತ್ತು ಬೇರೆ ಅಳಿಸ್ತೀಯಾ?"

ಶಾಲು ಕೊಡವಿದರು, ಬ್ರೆಡ್ಡು ನೆಲದ ಮೇಲೆ ಉರುಳಿತು. ತಿರುಗಿ ನೋಡದೆ ನಡೆದುಬಿಟ್ಟರು.

ದೋನ್ಯಾ ಓಲ್ಫಾ ಬಗ್ಗಿ ಉರುಳಿದ ಬ್ರೆಡ್ಡನ್ನು ಒಂದೊಂದಾಗಿ ಹೆಕ್ಕಿಕೊಂಡರು. ಆಮೇಲೆ ಸೆಗುಂದೊನ ಕಡೆ ತಿರುಗಿದರು. "ನನ್ನನ್ನ ಸಾಯಿಸಿದ್ದಕ್ಕೆ ನಂಗೆ ಬೇಜಾರಿಲ್ಲ. ಅವಳು ಬಂದು ಹೋಗ್ಬಿಟ್ಳಲ್ಲ, ಅದು ಸಂಕಟ ನೋಡು. ಹೋಗು, ಸಂಜೆ ಸಭೇಲಿ ಸಿಗೋಣ."

ಆ ಮಾತಿನ ಧಾಟಿ ಸೆಗುಂದೊಗೆ ಹಿಡಿಸಲಿಲ್ಲ. ಬಂದ ಜೀವ ಮತ್ತೆ ಹೋಯಿತು.

ಮೂರು ಗಂಟೆಗೆ ಮಾರುಕಟ್ಟೆಯ ಹಿಂದೆ ಏನಾಯಿತೆಂಬುದನ್ನು ಹೇಳಲೇಬೇಕು. ಊರಿನ ಮೂವರು ಹಾಡುಗಾರರು ಹೊಸ ಟೋಪಿ ಹಾಕಿಕೊಂಡು, ಬಾಗಿಲಿನಿಂದಲೇ ಗಿಟಾರು ಬಾರಿಸುತ್ತ, "ಇಂದು ನೀ ಎದ್ದ ಬೆಳಗು ಶುಭವಾಗಲಿ" ಎಂಬರ್ಥದ ಹಾಡೊಂದನ್ನು ಎತ್ತಿಕೊಂಡು ಒಳಗೆ ಹೋದರು. ಎರಡನೆಯ ಸಾಲಿಗೆ ಪೆಟ್ಟಿಗೆ ಕಂಡಿತು. ಗಿಟಾರಿನವನು ನಿಲ್ಲಿಸಿದ, ಕಣ್ಣು ಸರಿಯಾಗಿ ಕಾಣದ ಮುದುಕ ಹಾಡುಗಾರ ಮಾತ್ರ ಇನ್ನೂ ಒಂದು ಚರಣ ಮುಗಿಸಿ, ಪೆಟ್ಟಿಗೆಯ ಮೇಲೆ ಕೈಯಿಟ್ಟು, "ನೂರು ದಾಟಬೇಕು ಯಜಮಾನರೇ" ಎಂದ.

ಐದಕ್ಕೆ ಸಭೆ ಸೇರಿತು. ಕಿಟಕಿಗಳಲ್ಲೆಲ್ಲ ಊರಿನ ತಲೆಗಳು. ವಿಲ್ಮೆರ್ ಕೈಯಲ್ಲಿ ಒಂದು ಕಟ್ಟು ಕಾಗದ ಹಿಡಿದು ಎದ್ದು ನಿಂತ. ಫೋರಂಗೆ ಸೆಗುಂದೊ ಬರೆದ ಮನವಿಯನ್ನು ಅಚ್ಚು ಹಾಕಿಸಿ ತಂದಿದ್ದ. ಜೋರಾಗಿ ಓದಿದ. "ನನ್ನ ಸತ್ತವರು ಬೆಳಿಗ್ಗೆ ಇದ್ದಲ್ಲಿ ಇರುವುದಿಲ್ಲ" ಎಂಬಲ್ಲಿ ಕಿಟಕಿಗಳು ನಕ್ಕವು.

"ತಾರೀಖು ನೋಡಿ. ಮೂರು ತಿಂಗಳ ಹಿಂದಿಂದು. ಆ ಯಂತ್ರಕ್ಕೆ ಮರೆವು ಅಂತ ಇವರಿಗೆ ಗೊತ್ತಿತ್ತು, ನಮ್ಮೆಲ್ಲರಿಂದ ಮುಚ್ಚಿಟ್ರು. ಇವತ್ತು ಒಬ್ಬ ವಿಧವೆ ಮನೇಲಿ ಗಿಟಾರು ಬಾರಿಸಿದ್ರು. ಅವರೇ ಬಂದಿದ್ದಾರೆ, ಅವರ ಬಾಯಿಂದಾನೇ ಕೇಳಿ."

ದೋನ್ ಹೆರ್ಮಾನಿಕೊ ಅವರ ಹೆಂಡತಿ ಕಾರ್ಮೆಲಾ ಕಪ್ಪು ಶಾಲು ಹೊದ್ದು ಮುಂದೆ ಬಂದರು.

"ಹೇಳಿ ದೋನ್ಯಾ, ನಿಮಗೆ ಅವಮಾನ ಆಗ್ಲಿಲ್ವೇ?" ಎಂದ ವಿಲ್ಮೆರ್.

ಆಕೆ ಶಾಲು ಸರಿಮಾಡಿಕೊಂಡರು. "ಮೊದಲ್ನೇ ಹಾಡು ಚೆನ್ನಾಗಿರ್ಲಿಲ್ಲ. ಆಮೇಲೆ ನಮ್ಮ ಯಜಮಾನ್ರು ಗಡ್ಡ ಹೆರ್ಕೊಳ್ಳೋವಾಗ ಗುನುಗ್ತಿದ್ರಲ್ಲ, ಅದನ್ನ ಹಾಡಿ ಅಂದೆ. ಹಾಡಿದ್ರು. ಐವತ್ತು ವರ್ಷದಲ್ಲಿ ಅದರ ಪೂರ್ತಿ ಮಾತು ಕೇಳಿದ್ದು ಇವತ್ತೇ. ಒಂಬತ್ನೇ ದಿನದ ಪ್ರಾರ್ಥನೆಗೂ ಆ ಹಾಡುಗಾರರನ್ನೇ ಕಳಿಸಿ, ಅಷ್ಟು ಹೇಳೋಣಾಂತ ಬಂದೆ." ಹೇಳಿ, ಕೂತರು.

ವಿಲ್ಮೆರ್‌ನ ಮುಖ ಹುಳ್ಳಗಾಯಿತು. ಸೆಗುಂದೊ ಎದ್ದು ನಿಂತ. ಅಂಗಿಯ ಮೇಲಿನ ಹಕ್ಕಿಯ ಮೇಲೆ ಈ ಸಲ ಕೈಯಿಡಲಿಲ್ಲ.

"ಕಾಗದದಲ್ಲಿರೋದು ನಿಜ. ನಂಗೆ ಗೊತ್ತಿತ್ತು, ಹೇಳೋಕೆ ನಾಚಿಕೆ ಆಯ್ತು. ಆ ಮೈಕು ಇಲ್ಲಾಂದ್ರೆ ನಂಗೆ ಬೇರೆ ಏನೂ ಇಲ್ಲ. ಅಷ್ಟೇ."

ಕೈ ಎತ್ತಿಸಿದರು. ಎರಡು ಆ ಕಡೆ, ಎರಡು ಈ ಕಡೆ. ದೋನ್ಯಾ ಮಾರುಹಾ ಪಾಪಪ್ರಜ್ಞೆಗೆ ಎರಡೂ ಕೈ ಎತ್ತಿದ್ದರು, ಒಂದನ್ನು ಇಳಿಸಬೇಕಾಯಿತು. ಎಲ್ಲರೂ ದೋನ್ಯಾ ಓಲ್ಫಾ ಅವರ ಕಡೆ ನೋಡಿದರು. ಅವರು ಬಾಯಿ ತೆರೆಯುವಷ್ಟರಲ್ಲಿ ದೋನ್ ತಿಮೊಲೆಯೊನ್ ನಿಯಮಾವಳಿಯನ್ನು ಎತ್ತಿ ಹಿಡಿದರು.

"ಆಕ್ಷೇಪಣೆ. ಹದಿನಾಲ್ಕನೇ ನಿಯಮ. ನಮ್ಮ ರೇಡಿಯೋದಲ್ಲಿ ಬಂದದ್ದು, ಅದೇ ಕಾರ್ಯಕ್ರಮದಲ್ಲಿ, ಅದೇ ಗಂಟೆಗೆ ತಿದ್ದುಪಡಿ ಓದೋವರೆಗೂ ನಿಜ ಅಂತಲೇ ಲೆಕ್ಕ. ದೋನ್ಯಾ ಓಲ್ಫಾ ತೀರ್ಕೊಂಡಿದ್ದಾರೆ ಅಂತ ಬೆಳಿಗ್ಗೆ ಆರಕ್ಕೆ ಬಂದಿದೆ. ತಿದ್ದುಪಡಿ ಆಗಿಲ್ಲ. ಸತ್ತೋರಿಗೆ ಮತ ಇಲ್ಲ. ಅಧ್ಯಕ್ಷರು ತೀರ್ಕೊಂಡಾಗ ನಿರ್ಣಾಯಕ ಮತ ಕಾರ್ಯದರ್ಶೀದು."

ಎದುರಿಗೇ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದ ಹೆಂಗಸನ್ನು ಸತ್ತವಳೆಂದು ಹೇಳಲು ಎದೆಗಾರಿಕೆ ಬೇಕು. ಆದರೆ ನಿಯಮ ನಿಯಮವೇ, ಊರಿನವರು ತಲೆಯಾಡಿಸಿದರು.

"ಸರಿಯಪ್ಪಾ," ಎಂದರು ದೋನ್ಯಾ ಓಲ್ಫಾ. "ನಾನು ಸತ್ತಿದ್ದೀನಿ. ಹಾಗಾದ್ರೆ ಇದು ಸತ್ತ ಮನೆ. ಒಂಬತ್ತು ದಿನದ ಪ್ರಾರ್ಥನೆ ಮುಗಿಯೋ ತನಕ ಸತ್ತೋರ ಕುರ್ಚೀಲಿ ಯಾರೂ ಕೂರೋ ಹಾಗಿಲ್ಲ. ನಿಮ್ಮಮ್ಮ ಹೇಳ್ಕೊಟ್ಟಿಲ್ವೇ ತಿಮೊಲೆಯೊನ್?"

ದೋನ್ ತಿಮೊಲೆಯೊನ್ ನಿಯಮಾವಳಿಯನ್ನು ತಿರುವಿ ಹಾಕಿದರು. ಅಮ್ಮನ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಕಿಟಕಿಯಲ್ಲಿ ಅವರಮ್ಮನೇ ನಿಂತಿದ್ದರು. "ಹೇಳ್ಕೊಟ್ಟಿದ್ದೆ," ಎಂದರು ಅವರು. ತಿದ್ದುಪಡಿ ಓದುವ ಹೊತ್ತು ಅದೇ ಎಂದು ಸಭೆಯನ್ನು ಮರುದಿನ ಬೆಳಿಗ್ಗೆ ಆರು ಗಂಟೆಗೆ ಮುಂದೂಡಲಾಯಿತು.

ಬುಧವಾರ ಆರಕ್ಕೆ ಐದು ನಿಮಿಷವಿರುವಾಗ ರೇಡಿಯೋ ಕೋಣೆಯಲ್ಲಿ ಇಡೀ ಸಮಿತಿ ಒತ್ತಿಕೊಂಡು ನಿಂತಿತ್ತು. ಸೆಗುಂದೊ ರಟ್ಟನ್ನು ತೆಗೆದು ಬದಿಗಿಟ್ಟ. ಎಲ್ಲರೂ ನೋಡುತ್ತಿರುವಂತೆ ಕಂಪ್ಯೂಟರನ್ನು ಆರಿಸಿದ, ಮತ್ತೆ ಹಾಕಿದ. ತೆರೆಯ ಮೇಲೆ ಹಕ್ಕಿ, ಸುತ್ತ ನೀಲಿ ಆಕಾಶ, ಮತ್ತೇನೂ ಇಲ್ಲ. ವಿಲ್ಮೆರ್ ಕೆಮ್ಮಿದ.

ಸೆಗುಂದೊ ಜೇಬಿನಿಂದ ಚೀಟಿಗಳ ಎರಡು ಕಟ್ಟು ತೆಗೆದ. ಒಂದಕ್ಕೆ ಕಪ್ಪು ರಿಬ್ಬನ್, ಇನ್ನೊಂದಕ್ಕೆ ಕೆಂಪು. ಕಪ್ಪಿನದು ಗಜಗಟ್ಟಲೆ ಮಾರಿ ಮುಗಿದಿತ್ತು, ತನ್ನ ಟೋಪಿಯದನ್ನೇ ಬಿಚ್ಚಿ ಕಟ್ಟಿದ್ದ. ಕೆಂಪು ಕಟ್ಟಿನ ಮೊದಲ ಚೀಟಿ ಹಿಡಿದು, ಕಹಳೆಯ ಹಾಡಿನೊಂದಿಗೆ ಓದಿದ.

"ತಿದ್ದುಪಡಿ. ನಿನ್ನೆ ತೀರಿಕೊಂಡರೆಂದು ಈ ಗಂಟಲು ಹೇಳಿದ ದೋನ್ಯಾ ಓಲ್ಫಾ ಚಾವೆಸ್ ಬದುಕಿದ್ದಾರೆ, ಎಪ್ಪತ್ತು ತುಂಬಿದೆ, ಪಕ್ಕದಲ್ಲೇ ನಿಂತು ನನ್ನ ಕಾಲು ತುಳಿಯುತ್ತಿದ್ದಾರೆ. ತಪ್ಪು ಯಂತ್ರದ್ದಲ್ಲ, ನನ್ನದು."

"ಆಯ್ತು, ನಾನು ಬದುಕಿದೆ," ಎಂದು ದೋನ್ಯಾ ಓಲ್ಫಾ ಅವನನ್ನು ಪಕ್ಕಕ್ಕೆ ಸರಿಸಿ ಮೈಕಿನ ಮುಂದೆ ಕೂತರು. "ಈಗ ನನ್ನ ಮತ. ವಿಲ್ಮೆರ್ ಯಂತ್ರ ಎಲ್ಲಾ ನೆನಪಿಟ್ಕೊಳ್ತದಂತೆ, ಈ ಸೆಗುಂದೊ ಯಂತ್ರ ದಿನಾ ಮರೀತದಂತೆ. ನಾನು ನನ್ನ ತಂಗಿ ಹನ್ನೊಂದು ವರ್ಷ ಒಂದು ಬಾಣಲೇನ ಮರೀಲಿಲ್ಲ. ನೆನಪಿಟ್ಕೊಂಡು ನಾವು ಉದ್ಧಾರ ಆಗಿದ್ದು ಅಷ್ಟ್ರಲ್ಲೇ ಇದೆ. ಮರೆಯೋ ಯಂತ್ರಾನೇ ವಾಸಿ, ಇರ್ಲಿ. ಸೆಗುಂದೊನೂ ಇರ್ಲಿ, ಸಾವಿನ ಸುದ್ದಿ ಓದೋ ಮುಂಚೆ ಅವರ ಮನೆಗೆ ಫೋನ್ ಮಾಡ್ಬೇಕು, ಸತ್ತೋರೇ ಎತ್ತಿದ್ರೆ ಓದ್ಬಾರ್ದು."

ದೋನ್ ತಿಮೊಲೆಯೊನ್ ಬರೆದುಕೊಂಡರು. ಹದಿನೈದನೆಯ ನಿಯಮ.

"ಇನ್ನೊಂದು ಮಾತು," ಎಂದರು ದೋನ್ಯಾ ಓಲ್ಫಾ. ದನಿ ಸ್ವಲ್ಪ ಇಳಿಯಿತು. "ರೋಸಾಲ್ಬಾ, ಕೇಳ್ತಿದ್ದೀಯ ಅಂತ ಗೊತ್ತು. ಬಾಣಲೆ ಉಜ್ಜಿ ಇಟ್ಟಿದ್ದೀನಿ. ನಾನು ತಿರುಗಿಸ್ತೀನಿ, ನೀನು ಕದಡು. ಬಾ. ಬರ್ಲಿಲ್ಲಾಂದ್ರೆ ನಾಳೆ ಮತ್ತೆ ನನ್ನನ್ನ ಎಡಗಡೆ ಹಾಕಿಸ್ತೀನಿ, ನೋಡ್ತಾ ಇರು."

ಸೆಗುಂದೊ ಹಾಡು ಹಾಕಿದ. ಹಾಡು ಮುಗಿಯಿತು. ಇನ್ನೊಂದು ಹಾಕಿದ. ಸಮಿತಿಯವರು ಯಾರೂ ಮನೆಗೆ ಹೋಗಲಿಲ್ಲ, ದೋನ್ಯಾ ಓಲ್ಫಾ ಕುರ್ಚಿಯಿಂದ ಏಳಲಿಲ್ಲ. ಮೂರನೆಯ ಹಾಡು ಮುಗಿದು ಸೆಗುಂದೊ ಮೈಕು ತೆರೆದು ಕಳೆದುಹೋದ ಹಸುವಿನ ಬಣ್ಣ ಹೇಳಲು ಶುರು ಮಾಡಿದಾಗ ಬಾಗಿಲು ತೆರೆಯಿತು. ಮನೆಯ ಚಪ್ಪಲಿಯಲ್ಲೇ ಬಂದಿದ್ದ ರೋಸಾಲ್ಬಾ ಏದುಸಿರು ಬಿಡುತ್ತ ನಿಂತಿದ್ದರು.

"ಇನ್ನೊಂದ್ಸಲ ಸಾಯೋದಾದ್ರೆ ನಂಗೆ ಮೊದ್ಲೇ ಹೇಳಿ ಕಳ್ಸು," ಎಂದರು. "ಅಷ್ಟು ಬ್ರೆಡ್ಡು ದಂಡ ಆಯ್ತು."

"ದಂಡ ಎಲ್ಲಾಯ್ತು? ಹೆಕ್ಕಿ ಒರೆಸಿ ನಾನೇ ತಿಂದೆ. ಉಪ್ಪು ಜಾಸ್ತಿ."

"ಉಪ್ಪು ಸರಿಯಾಗಿತ್ತು."

"ಜಾಸ್ತಿ ಕಣೇ."

ಮೈಕು ತೆರೆದೇ ಇದೆಯೆಂಬುದು ಸೆಗುಂದೊಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷದ ಅನುಭವ, ಅವನು ಮುಟ್ಟಲಿಲ್ಲ. ಉಪ್ಪಿನ ಆ ಜಗಳವನ್ನು ಏಳು ಗಂಟೆಯವರೆಗೆ ಲೋಮಾ ಆಲ್ತಾ ಪೂರ್ತಿ ಕೇಳಿತು. ಹಸು ಮಾತ್ರ ಇನ್ನೂ ಸಿಕ್ಕಿಲ್ಲ.